ಅನಂತರಾಮರ ಕಿವಿ

“ಎ.ಸಿ. ಆರಿಸು, ಕಿಟಕಿ ಇಳಿಸು, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕು,” ಎಂದು ಹೇಳಿ ಅನಂತರಾಮರು ಕಣ್ಣು ಮುಚ್ಚಿ ತೋರುಬೆರಳು ಮೇಲೆತ್ತಿದರು. ಆ ಬೆರಳು ಎದ್ದಿತೆಂದರೆ ಯಾರೂ ಕೆಮ್ಮುವಂತೆಯೂ ಇಲ್ಲ. ಕಾರು ಕೊಳ್ಳಲು ಬಂದಿದ್ದ ಯಶವಂತ್ ತೆಪ್ಪಗೆ ಅದನ್ನು ಜನಕಪುರಿಯ ಆ ಹಳೆ ಕಾರುಗಳ ಅಂಗಳದಲ್ಲಿ ಗಾಣದೆತ್ತಿನಂತೆ ತಿರುಗಿಸತೊಡಗಿದ. ಅನಂತರಾಮರ ಹೆಂಡತಿ ರತ್ನಾ ಹಿಂದಿನ ಸೀಟಿನಲ್ಲಿದ್ದರು.

ನಾಲ್ಕೂ ಚಕ್ರ ಎಳೆಯುವ ಗಾಡಿ ಅದು. ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಕ್ಲಚ್ ಹಾಳಾಗಿದ್ದರೆ ಹೀಗೆ ಬಿಗಿಯಾಗಿ ಸುತ್ತುವಾಗ ಹಿಂದಿನಿಂದ ನರಳಿದಂಥ ಸದ್ದು ಬರುತ್ತದೆ. ಅದನ್ನು ಹಿಡಿಯಲು ಇಲ್ಲಿಯ ಕನ್ನಡಿಗರಿಗೆಲ್ಲ ಅನಂತರಾಮರೇ ಬೇಕು. ಸರ್ಕಾರಿ ವಾಹನಗಳ ವರ್ಕ್‌ಶಾಪಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದಾಗ ಗೇಟಿನಲ್ಲಿ ನಿಂತೇ ಗಾಡಿಯ ಕಾಯಿಲೆ ಹೇಳುತ್ತಿದ್ದರಂತೆ. ಜನಕಪುರಿಗೆ ಮೆಟ್ರೋ ಬಂದ ಹೊಸತರಿಂದಲೇ ಆ ಕಿವಿ ಕೈಕೊಟ್ಟಿದೆ ಎಂಬುದು ರತ್ನಾ ಒಬ್ಬರಿಗೇ ಗೊತ್ತು. ಬಾಗಿಲ ಗಂಟೆ ಬಾರಿಸಿದರೆ, ಹಿಂದಿನಿಂದ ಯಾರಾದರೂ ಕರೆದರೆ, ಮೆಲ್ಲಗೆ ಗಂಡನನ್ನು ಮುಟ್ಟುವವರು ಅವರೇ. ಎದುರಿಗೆ ಕೂತು ಮಾತಾಡುವವರ ತುಟಿ ನೋಡಿ ಅನಂತರಾಮರು ಹೇಗೋ ನಿಭಾಯಿಸುತ್ತಾರೆ. ಮಿಕ್ಕಿದ್ದನ್ನು ಗತ್ತಿನಲ್ಲಿ ಮುಚ್ಚುತ್ತಾರೆ.

ಎರಡನೇ ಸುತ್ತಿಗೆ ರತ್ನಾ ಅವರ ಬೆರಳು ಗಂಡನ ಭುಜಕ್ಕೆ ತಗುಲಿತು. ಸದ್ದು ಬರುತ್ತಿದೆ ಎಂದು ಅದರ ಅರ್ಥ. ಅನಂತರಾಮರಿಗೆ ಅದು ಗೊತ್ತಾಗದೆ ಇಲ್ಲ. ಆದರೆ ಜೀವಮಾನವೆಲ್ಲ ಗಾಡಿ ನೋಡಿದ ಗಂಡಸು ಹೆಂಡತಿಯನ್ನು ಕೇಳಿ ಕಾರಿನ ತೀರ್ಪು ಹೇಳುವುದೇ? ನೊಣ ಓಡಿಸಿದಂತೆ ಭುಜ ಕೊಡವಿದರು.

“ಫಸ್ಟ್ ಕ್ಲಾಸ್,” ಎಂದರು.

ಯಶವಂತ್ ಕಾರು ನಿಲ್ಲಿಸಿ ಅವರತ್ತ ತಿರುಗಿದ. “ಅಂಕಲ್, ಹಿಂದೆ ಏನೋ ನರಳಿದ ಹಾಗೆ ಕೇಳಿಸ್ತು. ಪರವಾಗಿಲ್ವಾ?”

“ಟೈರ್ ಕಣಯ್ಯಾ. ನೀನೇ ಕೇಳಿ ಹೇಳೋದಾದ್ರೆ ನನ್ನ ಯಾಕೆ ಕರ್ಕೊಂಡು ಬಂದೆ?”

“ಅಚ್ಛಾ, ನೀವು ಹೇಳಿದ ಮೇಲೆ ಮುಗೀತು. ಶಿಮ್ಲಾಕ್ಕೆ ಟ್ರಾನ್ಸ್‌ಫರ್ ಅಂದಾಗಿಂದ ಅಪೂರ್ವಂಗೆ ಒಂದೇ ಹೆದರಿಕೆ, ಆ ಹಿಮದ ರಸ್ತೇಲಿ ಮಗೂನ ಕರ್ಕೊಂಡು ಹೇಗೆ ಓಡಾಡೋದು ಅಂತ. ಅನಂತರಾಮ್ ಅಂಕಲ್ ಪಾಸ್ ಮಾಡಿದ ಗಾಡಿ ಅಂತ ಹೇಳಿದ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ.”

ಅವನು ಇಳಿದು ದಲ್ಲಾಳಿಯ ಕಡೆ ನಡೆದ. ರತ್ನಾ ಏನಾದರೂ ಅಂದಿದ್ದರೆ ಅನಂತರಾಮರು ಜಗಳವಾಡಿ ಗೆದ್ದುಬಿಡಬಹುದಿತ್ತು. ಕನ್ನಡಿಯಲ್ಲಿ ನೋಡಿದರೆ, ಆಕೆ ಭುಜ ಮುಟ್ಟಿದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಕಿಟಕಿಯಾಚೆ ಮುಖ ತಿರುಗಿಸಿದ್ದರು. ಅನಂತರಾಮರಿಗೆ ನಾಚಿಕೆಯಾಯಿತು. ಹೋದ ತಿಂಗಳು ಘಾಜಿಯಾಬಾದಿನಲ್ಲಿ ಇನ್ನೊಬ್ಬ ಕನ್ನಡಿಗ ಚಿದಂಬರನ ಕಾರನ್ನೂ ಹೀಗೇ ಬೆರಳೆತ್ತಿ ಪಾಸು ಮಾಡಿದ್ದರು. ಅಂದು ಭುಜ ಮುಟ್ಟಲು ರತ್ನಾ ಕೂಡ ಜೊತೆಗಿರಲಿಲ್ಲ.

ಯಶವಂತ್ ಆಗಲೇ ವ್ಯಾಪಾರ ಕುದುರಿತೆಂದು ಕೈಕುಲುಕಲು ದಲ್ಲಾಳಿಯ ಮುಂದೆ ಕೈ ಚಾಚಿದ್ದ. ಅನಂತರಾಮರು ದಡಬಡಿಸಿ ಹೋಗಿ ಆ ಕೈಯನ್ನು ಹಿಡಿದು ಕೆಳಗಿಳಿಸಿದರು.

“ತಗೋಬೇಡ. ಕ್ಲಚ್ ಹೋಗಿದೆ.”

“ಈಗ ತಾನೇ ಟೈರ್ ಅಂದ್ರಲ್ಲ ಅಂಕಲ್?”

ಅನಂತರಾಮರು ಸುತ್ತ ಒಮ್ಮೆ ನೋಡಿದರು. ಆಮೇಲೆ ಅವನ ಕಿವಿಯ ಹತ್ತಿರ ಬಾಯಿಟ್ಟು, ಬೇರೆ ಯಾರಿಗೂ ಕೇಳಿಸದ ಹಾಗೆ ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡೇ ಹೇಳಿದರು: “ಸದ್ದು ಕೇಳಿದ್ದು ರತ್ನಂಗೆ. ನಂಗೆ ಕಿವಿ ಕೇಳಿಸೋದಿಲ್ಲ ಕಣೋ.”

ಯಶವಂತ್ ಬೆಚ್ಚಿ ತಲೆ ಹಿಂದಕ್ಕೆಳೆದುಕೊಂಡ. ರಸ್ತೆಯಾಚೆ ಚಹಾದ ಭಯ್ಯಾ ಕೂಡ ಕೆಟಲ್ ಹಿಡಿದುಕೊಂಡೇ ಇತ್ತ ತಿರುಗಿ ನಿಂತ.