ಮಾನ್ವಿಗೆ ಬಂದ ಜರ್ಮನ್ ಅಕ್ಷರ

"ಇದು ಮದುವಿ ಕಾರ್ಡಲ್ಲ," ಎಂದು ಅಮೀನ ಹನುಮಂತ್ರಾಯರು ಕಾಗದವನ್ನು ಮೇಜಿನ ಮೇಲೆ ಬಡಿದರು. "ಇದು ಜರ್ಮನಿ."

ಮಾನ್ವಿ ಪೊಲೀಸ್ ಠಾಣೆಯ ಅಧಿಕಾರಿಯಾದ ಅವರೆದುರು ಇಬ್ಬರು ನಿಂತಿದ್ದರು. ಬೆವರುತ್ತಿದ್ದವನು ಅಲ್ಲಾಉದ್ದೀನ್, ರಾಯಚೂರಿನಲ್ಲಿ ಅವನದೊಂದು ಸಣ್ಣ ಛಾಪಖಾನೆ. ಪಕ್ಕದಲ್ಲಿದ್ದವನು ರಾಯಚೂರು ಹತ್ತಿರದ ಗುಂಜಹಳ್ಳಿಯ ಬಡಗಿ ತಾಯಣ್ಣ. ಛಾಪಖಾನೆಗೆ ಬೇಕಾದ ದೊಡ್ಡ ಅಕ್ಷರಗಳನ್ನು ಮರದಲ್ಲಿ ಕೆತ್ತಿಕೊಡುವವನು. ಓದು ಅಷ್ಟಕ್ಕಷ್ಟೇ, ಕಣ್ಣು ಮಾತ್ರ ಬಲು ಚುರುಕು.

ಹಿರೇಕೊಟ್ನೆಕಲ್ಲಿನ ಭೀಮವ್ವ ಮಗಳ ಮದುವೆಗೆ ಕಾರ್ಡು ಹಾಕಿಸಿದ್ದಳು. ಸುತ್ತ ಯಾರೂ ಕಾಣದಂಥ ಅಕ್ಷರ ಬೇಕು ಎಂದಿದ್ದಳು. ತಾಯಣ್ಣ ಕೆತ್ತಿದ. 'ಲಗ್ನಪತ್ರಿಕೆ' ಎಂಬ ತಲೆಬರಹ ಕನ್ನಡದ್ದೇ, ಆದರೆ ದುಂಡು ಎಂಬುದು ಮದ್ದಿಗೂ ಇಲ್ಲ. ಕಪ್ಪಗೆ, ದಪ್ಪಗೆ, ಕಂಬ ನಿಲ್ಲಿಸಿದ ಹಾಗೆ ನೆಟ್ಟಗೆ; ಬಾಗಬೇಕಾದಲ್ಲಿ ಮುರಿದು, ತುದಿಗೆ ಜಾಲಿಮುಳ್ಳಿನಂಥ ಚೂಪು. ನೋಡಿದವರೆಲ್ಲ ಚೆಂದ ಎಂದರು. ಓದಲು ಒಬ್ಬರಿಂದಲೂ ಆಗಲಿಲ್ಲ. ಅದೇ ಅದರ ಗತ್ತು ಎಂದು ಭೀಮವ್ವ ಹಿಗ್ಗಿದಳು.

ಒಂದು ಕಾರ್ಡು ಠಾಣೆಗೂ ಬಂತು. ೧೯೪೨, ಯುದ್ಧದ ಕಾಲ. ಸರ್ಕಾರ ಹಂಚಿದ್ದ ಯುದ್ಧದ ಪತ್ರಿಕೆಯಲ್ಲಿ ಜರ್ಮನಿಯ ಅಂಗಡಿಯೊಂದರ ಬೋರ್ಡಿನ ಚಿತ್ರವಿತ್ತು. ಅಮೀನರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅದೇ ಕಂಬ, ಅದೇ ಮುಳ್ಳು. ಅಂದಿನಿಂದ ಅವರಿಗೆ ಊಟ ಸೇರಲಿಲ್ಲ. ಜಗತ್ತು ಗೆಲ್ಲಲು ಹೊರಟ ಸೈನ್ಯ ಮೊದಲು ಮಾನ್ವಿಯನ್ನೇ ಹಿಡಿಯುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ದೇವದುರ್ಗದ ಕಡೆ ಕೃಷ್ಣೆ ದಾಟಿ ಬಂದಾರೆಂದು ಅಲ್ಲಿಗೆ ಇಬ್ಬರು ಜವಾನರನ್ನು ಕಾವಲಿಗೆ ಕಳಿಸಿದರು. ಅವರು ಮೂರು ದಿನ ಹೊಳೆ ಕಾದು ಒಂದು ಬುಟ್ಟಿ ಮೀನು ತಂದರು.

ಅಮೀನರು ಮೀನು ತಿಂದು, ರಾಯಚೂರಿಗೆ ವರದಿ ಬರೆದರು. ಅದನ್ನು ಓದಿ ಮೇಲಧಿಕಾರಿ ಜಹೀರುದ್ದೀನ್ ಸಾಹೇಬರೇ ಇಂದು ಮೋಟಾರಿನಲ್ಲಿ ಬಂದಿದ್ದರು. ಅಮೀನರು ಬಿಟ್ಟುಕೊಟ್ಟ ಕುರ್ಚಿ ಬೇಡವೆಂದು, ಗಾಳಿ ಬರುವ ಕಿಟಕಿಯ ಹತ್ತಿರ ಬೆಂಚಿನ ಮೇಲೆ ಕುಳಿತರು.

ಕುರ್ಚಿಯ ಹಿಂದಿನ ಗೋಡೆಯ ಮೇಲೆ ನಿಂತುಹೋದ ಗಡಿಯಾರ, ಒಂದು ಟೋಪಿ, ಮತ್ತು ಯುದ್ಧಕ್ಕೆ ಚಂದಾ ಎತ್ತಿಕೊಟ್ಟದ್ದಕ್ಕೆ ಬ್ರಿಟಿಷ್ ದೊರೆಗಳ ಕಡೆಯಿಂದ ಅಮೀನರಿಗೆ ಬಂದ ಇಂಗ್ಲಿಷ್ ಪ್ರಶಸ್ತಿಪತ್ರ. ಅಮೀನರಿಗೆ ಇಂಗ್ಲಿಷ್ ಬಾರದು. ಪತ್ರ ಠಾಣೆಗೆ ಬಂದವರು ನೋಡಲಿಕ್ಕೆ ಇದ್ದದ್ದು, ತಾವು ಓದಲಿಕ್ಕಲ್ಲ. ಗಾಜು, ಚೌಕಟ್ಟು ಹಾಕಿಸಲು ರಾಯಚೂರಿಗೆ ಕಳಿಸಿದ್ದು ಎರಡು ತಿಂಗಳು ಬಾರದೆ ಅವರು ಕಂಡಕಂಡವರಿಗೆ ಬೈದಿದ್ದರು. ಬಂದ ಮೇಲೆ ಅದಕ್ಕೆ ಬೆನ್ನು ಹಾಕಿ ಕುಳಿತವರು ತಿರುಗಿ ನೋಡಿರಲಿಲ್ಲ.

"ಎಲ್ಲಿ ಕಲ್ತಿಯಲೇ ಈ ಅಕ್ಷರ?" ಎಂದು ಅಮೀನರು ತಾಯಣ್ಣನನ್ನು ಗದರಿದರು.

"ಒಂದು ಕಾಗದ ಬಾಳ ದಿನ ನನ್ನ ಹಂತ್ಯಾಕ ಇತ್ರಿ ಯಪ್ಪಾ," ಎಂದ ತಾಯಣ್ಣ. "ದಿನಾ ನೋಡಿ ನೋಡಿ ಕೈಗೆ ಬಂತು. ಬಾಳ ಚೆಂದ ಇತ್ರಿ."

"ಯಾರ ಕಾಗದ?"

"ದೊಡ್ಡಾವರದ್ರಿ. ಅವರ ಹೆಸರು ನನ್ನ ಬಾಯಾಗ ಬರಬಾರದ್ರಿ."

ಅಮೀನರ ಮುಖ ಅರಳಿತು. ದೊಡ್ಡವರು! ಸಣ್ಣ ಕಳ್ಳನನ್ನು ಹಿಡಿದರೆ ಶಹಬಾಸ್, ದೊಡ್ಡವನನ್ನು ಹಿಡಿದರೆ ಬಡ್ತಿ. ಹೆಸರು ಹೇಳದಿದ್ದರೆ ಇವತ್ತೇ ಇಬ್ಬರನ್ನೂ ಜೈಲಿಗೆ ಹಾಕಿ, ಛಾಪಖಾನೆಗೆ ಬೀಗ ಜಡಿಯುವುದಾಗಿ ಗುಡುಗಿದರು.

ಅಲ್ಲಾಉದ್ದೀನ್ ತಾಯಣ್ಣನ ತೋಳು ಹಿಡಿದ. ಕಾರ್ಡಿನ ಕೆಲಸ ಒಪ್ಪಿಕೊಂಡವನು ತಾನು, ಸಿಕ್ಕಿಬಿದ್ದವನು ತಾಯಣ್ಣ. "ಹೇಳಿಬಿಡಪಾ," ಎಂದು ಬೇಡಿಕೊಂಡ. "ನಿನ್ನ ಮಕ್ಕಳ ಮಾರಿ ನೋಡು."

ತಾಯಣ್ಣ ಅಮೀನರ ಮುಖ ನೋಡಿದ, ನೆಲ ನೋಡಿದ. ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಹೇಳದಿದ್ದರೆ ಜೈಲು, ಹೇಳಿದರೆ ಏನೋ.

ಜಹೀರುದ್ದೀನ್ ಸಾಹೇಬರು ಒಮ್ಮೆ ಕಾರ್ಡು ನೋಡುತ್ತಿದ್ದರು, ಒಮ್ಮೆ ಗೋಡೆ ನೋಡುತ್ತಿದ್ದರು. ಸಾಹೇಬರಿಗೆ ಬೇಸರ ಬಂದಿರಬೇಕೆಂದು ಅಮೀನರು ಚಹಾ ತರಿಸಿದರು.

"ನಿಮ್ಮ ವರದಿ ಕೊನೀ ಸಾಲು ಇನ್ನೊಮ್ಮಿ ಓದ್ರಿ," ಎಂದರು ಸಾಹೇಬರು.

ಅಮೀನರು ಎದೆಯುಬ್ಬಿಸಿ ಓದಿದರು: "ಈ ಅಕ್ಷರಗಳ ಮೂಲ ಕಾಗದ ಯಾರದೋ ಅವನೇ ಶತ್ರುವಿನ ಆಳು. ಅವನು ಎಷ್ಟೇ ದೊಡ್ಡವನಾಗಿರಲಿ, ಸರ್ಕಾರಿ ನೌಕರನೇ ಆಗಿರಲಿ, ಕೂತಲ್ಲಿಂದಲೇ ಎಬ್ಬಿಸಿ ಬೇಡಿ ಹಾಕತಕ್ಕದ್ದು."

"ಸಹಿ ನಿಮ್ಮದ ಅಲ್ಲ?"

"ನಂದ ರೀ. ಮೊಹರ ಸೈತ ಹೊಡದೀನಿ."

"ಬೇಡಿ?"

ಅಮೀನರು ಮೇಜಿನ ಖಾನೆಯಿಂದ ಬೇಡಿ ತೆಗೆದು ಸಾಹೇಬರ ಮುಂದಿಟ್ಟರು. ಎರಡು ದಿನದಿಂದ ಎಣ್ಣೆ ಹಚ್ಚಿ ತಿಕ್ಕಿಸಿದ್ದರು, ಫಳಫಳ ಎನ್ನುತ್ತಿತ್ತು.

ಸಾಹೇಬರು ತಾಯಣ್ಣನ ಕಡೆ ತಿರುಗಿದರು. "ಹೆಸರು ಬ್ಯಾಡಪ್ಪಾ. ಆ ಕಾಗದ ಈಗ ಎಲ್ಲಿ ಅದ, ಅಷ್ಟ ತೋರಿಸು. ನಿನಗ ಏನೂ ಆಗಂಗಿಲ್ಲ, ನಾ ಅದೀನಿ."

ತಾಯಣ್ಣ ಅಮೀನರಿಗೆ ಕೈ ಮುಗಿದು, ಅವರ ಕುರ್ಚಿಯ ಹಿಂದೆ ಹೋಗಿ, ಎರಡು ತಿಂಗಳು ಮನೆಯಲ್ಲಿಟ್ಟುಕೊಂಡು ತಾನೇ ಚೌಕಟ್ಟು ಕಟ್ಟಿಕೊಟ್ಟಿದ್ದ ಪ್ರಶಸ್ತಿಪತ್ರವನ್ನು ಮೊಳೆಯಿಂದ ಇಳಿಸಿದ. ಕಂಬ ಕಂಬವಾಗಿ, ಮುಳ್ಳು ಮುಳ್ಳಾಗಿ ನಿಂತಿದ್ದ ಅದರ ಕಪ್ಪು ತಲೆಬರಹದ ಮೇಲಿನ ಧೂಳನ್ನು ಹೆಗಲ ವಸ್ತ್ರದಿಂದ ಒರೆಸಿ, ಬೇಡಿಯ ಪಕ್ಕಕ್ಕೆ ಇಟ್ಟ.