ಹಲಸಿನ ಹಲಗೆಯ ಘಾಟಿ

ಅಜ್ಜಯ್ಯನ ದನಿ ಅನುಕರಿಸಿ ಬಡಗಿ ಆಚಾರ್ರಿಗೆ ಟೋಪಿ ಹಾಕಬಹುದೆಂದು ನಂಬಿದ್ದ ಪೆದ್ದ ನಾನೇ. ಈಗಲೂ ಹಲಸಿನ ಮರ ಕೊಯ್ದ ವಾಸನೆ ಬಂದರೆ ಕೊಪ್ಪದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಆಟದ ರಿಮೋಟ್ ಕಾರಿನ ಬ್ಯಾಟರಿ ಸತ್ತಿತ್ತು. ಅದು ಓಡಲು ಇಳಿಜಾರೊಂದೇ ಗತಿ. ಮೆಟ್ಟಿಲ ಮೇಲೆ ಹಳೇ ಹಲಗೆ ಜೋಡಿಸಿ ಘಾಟಿ ರಸ್ತೆ ಕಟ್ಟಿದ್ದೆ, ತಿರುವಿಗೆ ಇನ್ನೊಂದು ಬೇಕಿತ್ತು. ಜಗಲಿಯಲ್ಲಿ ಬಾಗಿಲು ಮಾಡುತ್ತಿದ್ದ ಆಚಾರ್ರ ಬಳಿ ನುಣುಪಾದ ಹಲಸಿನ ಹಲಗೆಯೊಂದು ಇತ್ತು, ಆದರೆ ನಾನು ಕೇಳಿದರೆ ಕೊಡುವವರಲ್ಲ. ಕಿಟಕಿಯ ಹಿಂದೆ ಅಡಗಿ ಅಜ್ಜಯ್ಯನ ಹಾಗೇ ಉದ್ದಕ್ಕೆ ಕೆಮ್ಮಿ ಕೆಮ್ಮಿ, "ಆಚಾರ್ರೆ, ಆ ಹಲಗೆ ಮಾಣಿಗೆ ಕೊಡಿ ಮಾರಾಯ್ರೆ" ಎಂದೆ.

ಉಳಿಯ ಸದ್ದು ನಿಂತಿತು. ಇಣುಕಿದರೆ, ಅಜ್ಜಯ್ಯ ಆಚಾರ್ರ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು! ಆಚಾರ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಯ್ಯ ನಗಲಿಲ್ಲ.

"ಹಲಗೆ ತಗಂಡ್ ಹೋಗು. ಆದ್ರೆ ನಾನು ಅಷ್ಟೆಲ್ಲ ಕೆಮ್ಮಲ್ಲ ಮಾರಾಯ."