ಮುಚ್ಚಳದ ಒಳಮೈ

"ಅಂಕಲ್, ಸ್ವಿಟ್ಜರ್ಲೆಂಡಿನ ಕಂಪ್ನಿಯೋರು ಉತ್ತರ ಬರ್ದವ್ರೆ," ಎನ್ನುತ್ತ ಬೈರಾಪಟ್ಟಣದ ಪ್ರತಿಮಾ ತನ್ನ ತಾತನ ಕೈಗಡಿಯಾರವನ್ನು ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟಾಗ, ಚನ್ನಪಟ್ಟಣದ ವಾಚ್ ರಿಪೇರಿ ಯೋಗಾನಂದ ನೋಡಿದೊಡನೆ ಅದರ ಗುರುತು ಹಿಡಿದ.

"ನೂರೈವತ್ತು ವರ್ಷದಿಂದ ಮಾಡಿದ ಒಂದೊಂದು ವಾಚಿನ ವಿವರಾನೂ ಬರ್ದಿಟ್ಟವ್ರಂತೆ. ಇದು ಅರವತ್ತೆರಡರಲ್ಲಿ ಹುಟ್ಟಿದ್ದು. ಒಳಗಿನ ಮಿಷನ್ ನಂಬರಿನ ಫೋಟೊ ಕಳಿಸಿದ್ರೆ ಅವರ ಪುಸ್ತಕದ ಜೊತೆ ತಾಳೆ ನೋಡಿ ಸರ್ಟಿಫಿಕೇಟ್ ಕೊಡ್ತಾರೆ. ತಾತನ ತಿಥಿ ದಿನ ಇಡಾಣ ಅಂತ. ಒಸಿ ಬಿಚ್ಕೊಡಿ."

ತಾಳೆಯಾಗಲು ಅಲ್ಲೇನಿತ್ತು? ಹತ್ತೊಂಬತ್ತು ವರ್ಷದ ಹಿಂದೆ ಸರ್ವಿಸಿಗೆ ಬಂದ ಈ ವಾಚಿನ ಅಸಲಿ ಮಿಷನ್ನನ್ನು ಯೋಗಾನಂದ ಆಸೆಗೆ ಬಿದ್ದು ಬೆಂಗಳೂರಿನ ಹಳೇ ವಾಚಿನ ಶೋಕಿಯವನೊಬ್ಬನಿಗೆ ಮಾರಿ, ನಂಬರಿಲ್ಲದ ಯಾವುದೋ ಒಂದನ್ನು ಒಳಗೆ ಕೂರಿಸಿದ್ದ. ಸಾಲದ್ದಕ್ಕೆ ಮುಚ್ಚಳದ ಒಳಮೈಗೆ ಸೂಜಿಯಿಂದ ತನ್ನ ಹೆಸರಿನ ಮೊದಲಕ್ಷರ, ತಾರೀಖು ಗೀರಿದ್ದ. ರಿಪೇರಿಯವರೆಲ್ಲ ಕೆಲಸ ಮುಗಿಸಿದೊಡನೆ ಮಾಡುವುದೇ ಅದು. ಕದ್ದ ದಿನವೂ ಆ ಹಾಳು ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ.

ಆಮೇಲೂ ಅವಳ ತಾತ ರಾಮಲಿಂಗಯ್ಯ ಬರುತ್ತಲೇ ಇದ್ದರು. ಬೆಲ್ಟ್ ಹಾಕಿಸುತ್ತಿದ್ದರು, ಕೂತು ಟೀ ಕುಡಿಯುತ್ತಿದ್ದರು. ಮುಚ್ಚಳ ಮಾತ್ರ ಒಮ್ಮೆಯೂ ಬಿಚ್ಚಿಸಲಿಲ್ಲ. ಅದು ತನ್ನ ಅದೃಷ್ಟ ಎಂದುಕೊಂಡು ಯೋಗಾನಂದ ಇಷ್ಟು ವರ್ಷ ನಿದ್ದೆ ಮಾಡಿದ್ದ.

"ಮುಚ್ಚಳ ಬಿಗಿಯಾಗೈತೆ. ನಾಳೆ ಬಾರವ್ವ."

"ಇಲ್ಲೇ ಕಾಯ್ತೀನಿ ಬುಡಿ ಅಂಕಲ್. ಬಸ್ಸಿಗೆ ಇನ್ನೂ ಹೊತ್ತೈತೆ."

ಬೇರೆ ದಾರಿಯಿರಲಿಲ್ಲ. ಚಾಕುವಿನ ಮೊನೆ ಎರಡು ಸಲ ಜಾರಿತು. ನಂಬರ್ ಸವೆದುಹೋಗಿದೆ ಎಂದುಬಿಟ್ಟರಾಯಿತು, ನಂಬುತ್ತಾಳೆ, ಪೇಟೆಯಲ್ಲಿ ತನ್ನ ಮಾತಿಗೆ ಇವತ್ತಿಗೂ ಬೆಲೆಯಿದೆ ಎಂದು ಧೈರ್ಯ ಹೇಳಿಕೊಂಡ. ಮುಚ್ಚಳ ಕಳಚಿತು. ಭೂತಗನ್ನಡಿಯಂಥ ಐಗ್ಲಾಸನ್ನು ಕಣ್ಣಿಗೆ ಸಿಕ್ಕಿಸಿ ನೋಡಿದ. ತನ್ನ ಗೀರು ಹಾಗೇ ಇತ್ತು. ಅದರ ಕೆಳಗೆ ಇನ್ನೊಂದಿತ್ತು. ಬೇರೆ ಯಾರದೋ ಕೈ, ತನ್ನದಕ್ಕಿಂತ ಎರಡು ವರ್ಷ ಈಚಿನ ತಾರೀಖು.

"ತಾತ ಇದನ್ನ ಇನ್ನೆಲ್ಲಾದ್ರೂ ಬಿಚ್ಚಿಸಿದ್ರಾ?"

"ಒಂದ್ಸಲ ಬೆಂಗ್ಳೂರಲ್ಲಿ. ಅವತ್ತು ಮನೆಗೆ ಬಂದೋರು ಊಟಾನೂ ಮಾಡ್ಲಿಲ್ವಂತೆ. ಕೊನೇಗಾಲದಲ್ಲಿ ನಂಗೆ ಹೇಳಿದ್ರು. ಇದ್ನ ಇನ್ಯಾರ ಕೈಗೂ ಕೊಡ್ಬ್ಯಾಡ ಮಗಾ, ಯೋಗಾನಂದನೇ ಬಿಚ್ಲಿ, ಒಳಗೇನೈತೆ ಅಂತ ಅವನೇ ಹೇಳ್ತಾನೆ ಅಂತ." ಪ್ರತಿಮಾ ಮೊಬೈಲಿನ ಲೈಟು ಹಾಕಿದಳು. "ಹೇಳಿ ಅಂಕಲ್, ಏನೈತೆ?"

ನಾಲಗೆ ತುದಿಗೆ ಬಂದಿದ್ದ ಸುಳ್ಳು ಅಲ್ಲೇ ಒಣಗಿತು. ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯ ಕೈಗೂ ಕೊಡದಿದ್ದ ಐಗ್ಲಾಸನ್ನು ಯೋಗಾನಂದ ಕಣ್ಣಿಂದ ತೆಗೆದು ಅವಳ ಅಂಗೈಯಲ್ಲಿಟ್ಟ.

"ನೀನೇ ನೋಡವ್ವ," ಎಂದ. "ಮೇಲಿನ ಗೀರು ನಂದು."